ಕಾಲುವೆ ಈಜು ಬ್ಯಾರೆ, ಕಡಲ ಈಜು ಬ್ಯಾರೆ!



ಮಸ್ಕಿಯಿಂದ ಒಬ್ಬ ತಮ್ಮ ಪತ್ರ ಬರೆದಿದ್ದಾನೆ: "ಅಣ್ಣಾ, ‘ಉಳಿದವರು ಕಂಡಂತೆ’ ನಾಕು ಸಲ ನೋಡೇನಿ. ಆ ಮಲ್ಪೆ, ಅದರ ಮುಂದಿನ ದ್ವೀಪ ನೋಡಬೇಕಾಗೇದ. ಐದು ಮಂದಿ ಗೆಳೆಯರು ಹೊಂಟೀವಿ. ಹ್ಯಾಂಗ ಹೋಗೋದು, ಏನು ಒಯ್ಯೋದು? ಎಲ್ಲಾರಿಗೂ ಈಜು ಬರ್ತದ, ಚಿಂತಿ ಇಲ್ಲ!"

ಚಿಂತೆ ಇರುವುದೇ ಆ ಕೊನೆಯ ಮಾತಿನಲ್ಲಿ ತಮ್ಮಾ! ಮೊದಲು ದಾರಿ ಹೇಳುತ್ತೇನೆ, ಕೇಳು.

2014ರಲ್ಲಿ ರಕ್ಷಿತ್ ಶೆಟ್ಟಿ ನಿರ್ದೇಶಿಸಿ ನಟಿಸಿದ ಆ ಚಿತ್ರದ ಮಲ್ಪೆ, ಉಡುಪಿಯಿಂದ ಐದಾರು ಕಿಲೋಮೀಟರ್. ಸಿಂಧನೂರಿಗೆ 2024ರಲ್ಲಿ ರೈಲು ಬಂದಿದೆ. ಹುಬ್ಬಳ್ಳಿಗೆ ಅದರಲ್ಲೇ ಹೋಗಬಹುದು. ಮಸ್ಕಿ, ಲಿಂಗಸುಗೂರಿನವರಿಗೆ ಬಸ್ಸೇ ಸರಿ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹಿಡಿದರೆ ಬೆಳಿಗ್ಗೆ ಉಡುಪಿ. ಇಡ್ಲಿ ತಿಂದು ಸಿಟಿ ಬಸ್ಸು ಹತ್ತಿದರೆ ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಊರವರ ಬಾಯಲ್ಲಿ ತೋನ್ಸೆಪಾರ್.

ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ದ್ವೀಪದಲ್ಲಿ ರಾತ್ರಿ ತಂಗುವ ಹಾಗಿಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್. ಕೋಣೆ ಉಡುಪಿಯಲ್ಲೇ ಹಿಡಿಯಿರಿ. ಒಂದು ಜೊತೆ ಬಟ್ಟೆ, ಟವೆಲು, ಟೋಪಿ ಇರಲಿ. ದಡದ ತುಂಬ ಚಿಪ್ಪು, ಚಪ್ಪಲಿ ಬಿಡಬೇಡಿ. ‘ನಾವು ರಾಯಚೂರ ಬಿಸಿಲು ಕಂಡವರು’ ಅನ್ನಬೇಡಿ. ಅಲ್ಲಿ ಬೆವರು ಆರುವುದಿಲ್ಲ, ನೀರು ಕುಡಿಯುತ್ತಲೇ ಇರಬೇಕು. ಮತ್ತೆ... ‘ಶೀಸೆ’ ಮಾತ್ರ ಬೇಡವೇ ಬೇಡ!

ಅಲ್ಲಿನ ಬಂಡೆಗಳನ್ನು ನೋಡಬೇಕು! ಯಾರೋ ಕಂಬ ಕಡೆದು ಜೋಡಿಸಿಟ್ಟಂತೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ, ಲಾವಾ ಆರಿ ಆದ ಕಂಬಗಳವು. ದಯವಿಟ್ಟು ಅವುಗಳ ಮೇಲೆ ಹೆಸರು ಕೆತ್ತಬೇಡಿ. ನಮ್ಮ ಮಸ್ಕಿಯ ಬಂಡೆ ಮೇಲೆ ಅಶೋಕ ಹೆಸರು ಕೆತ್ತಿಸಿದ್ದಾನೆ, ಅಷ್ಟು ಸಾಕು!

ಇನ್ನು ಈಜಿನ ಮಾತು. ನಾವೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಧುಮುಕಿ ಈಜು ಕಲಿತವರು. ಕಾಲುವೆ ನೀರು ಒಂದೇ ಕಡೆ ಹರೀತದೆ, ನಾಲ್ಕು ಕೈ ಹಾಕಿದರೆ ದಡ. ಕಡಲು ಹಾಗಲ್ಲ. ಪಿಯುಸಿ ಬಿಟ್ಟ ವರ್ಷ ನಾನೂ ಇದೇ ಜಂಬದಲ್ಲಿ ಎದೆಮಟ್ಟದ ನೀರಿಗೆ ಇಳಿದಿದ್ದೆ. ಕಾಲಡಿಯ ಮರಳೇ ಜಾರಿತು. ದಡದ ಕಡೆ ಈಜಿದಷ್ಟೂ ದಡ ದೂರ! ದಡದಲ್ಲಿದ್ದ ಮೀನುಗಾರರೊಬ್ಬರು ಕೂಗಿದರು, "ಸೀದಾ ಬರ್ಬೇಡಿ ಮಾರಾಯ್ರೆ, ಅಡ್ಡ ಈಜಿ!" ಸೆಳೆತ ಒಳಕ್ಕೆ ಎಳೆದಾಗ ಅದರ ಎದುರು ಗುದ್ದಾಡಿದರೆ ಕೈ ಸೋಲುತ್ತದೆ, ದಡದ ಉದ್ದಕ್ಕೆ ಈಜಿ ಸೆಳೆತ ದಾಟಿ, ಆಮೇಲೆ ದಡಕ್ಕೆ ಬರಬೇಕು. ಅವರು ಕೂಗದಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿರಲಿಲ್ಲ.

2022ರ ಏಪ್ರಿಲ್‌ನಲ್ಲಿ ಇದೇ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. ಅವರೂ ನಿಮ್ಮದೇ ವಯಸ್ಸಿನವರು.

ತೆರೆಯ ಮೇಲೆ ಹೀರೋ ಅಲೆಗೆ ಎದೆಯೊಡ್ಡುವಾಗ ಕ್ಯಾಮೆರಾ ಹಿಂದೆ ಹಗ್ಗ, ದೋಣಿ, ಈಜುಗಾರರು ಇರುತ್ತಾರೆ. ನಿಮ್ಮ ಮೊಬೈಲ್ ಹಿಂದೆ ಯಾರಿದ್ದಾರೆ? 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ನಮ್ಮ ಅಪ್ಪು ನೇತ್ರಾಣಿ ದ್ವೀಪದ ಬಳಿ ಕಡಲೊಳಗೆ ಇಳಿದದ್ದೂ ಉಪಕರಣ ಕಟ್ಟಿಕೊಂಡು, ಬಲ್ಲವರ ಜೊತೆಗೆ. ಅಪ್ಪುಗಿಂತ ದೊಡ್ಡ ಗಂಡಸರೇನಪ್ಪಾ ನಾವು?

ಅದಕ್ಕೇ ದೋಣಿಯಲ್ಲಿ ಲೈಫ್ ಜಾಕೆಟ್ ಬಿಚ್ಚಬೇಡಿ. ಹಗ್ಗ ಕಟ್ಟಿದ ಕಡೆ ದಾಟಬೇಡಿ. ಪಾಚಿಗಟ್ಟಿದ ಬಂಡೆಯ ತುದಿಯಲ್ಲಿ ಸೆಲ್ಫಿ ಬೇಡ. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಲಿಂಗಸುಗೂರು ತಾಲೂಕಿನ ಜಲದುರ್ಗದ ಹತ್ತಿರ ಕೃಷ್ಣೆಗೆ ಇಳಿಯುತ್ತೀರೇನು? ಕಡಲಿಗೂ ಅಷ್ಟೇ ಮರ್ಯಾದೆ ಕೊಡಿ.

ಹೋಗಿ ಬಾ ತಮ್ಮಾ. ಐದು ಮಂದಿ ಹೋದವರು ಐದೂ ಮಂದಿ ಬಂದ ಸುದ್ದಿಗೆ ಒಂದು ಕಾರ್ಡು ಹಾಕು. ಅದನ್ನೇ ಕಾಯುತ್ತಿರುತ್ತೇನೆ.

ಮತ್ತೆ ಮುಂದಿನ ವಾರ!