ಕಾಡು ಮಾನವನ ಜೀವನಾಡಿಯಂತೆ!

ಕೆಲವು ತಿಂಗಳ ಹಿಂದೆ ನಮ್ಮ ಹಳಿಯಾಳದ ಕಡೆಯ ಒಂದು ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಇತ್ತು. ನನ್ನನ್ನೂ ತೀರ್ಪುಗಾರ ಅಂತ ಕರೆದಿದ್ದರು (ಬ್ಲಾಗ್ ಬರೀತಾನೆ, ಏನೋ ಗೊತ್ತಿರಬಹುದು ಅಂದುಕೊಂಡಿರಬೇಕು, ಪಾಪ). ವಿಷಯ 'ಕಾಡು ಮತ್ತು ನಾವು'. ದಾಂಡೇಲಿ, ಜೋಯಿಡಾ, ಮುಂಡಗೋಡದಿಂದಲೂ ಮಕ್ಕಳು ಬಂದಿದ್ದರು. ಒಟ್ಟು ನಲವತ್ತು ಪ್ರಬಂಧ.

ಮೊದಲ ಹತ್ತು ಓದುವಷ್ಟರಲ್ಲಿ ತಲೆ ಗಿರ್ರ್ ಅಂತು. ಎಲ್ಲದರಲ್ಲೂ 'ಪೀಠಿಕೆ' ಅಂತ ಬರೆದು ಕೆಳಗೆ ಸ್ಕೇಲ್ ಇಟ್ಟು ಗೆರೆ. ಆಮೇಲೆ "ಕಾಡು ಮಾನವನ ಜೀವನಾಡಿ. ಕಾಡಿನಿಂದ ಮಳೆ ಬರುತ್ತದೆ. ಕಾಡು ಪ್ರಾಣಿಗಳ ಮನೆ. ನಾವು ಕಾಡನ್ನು ಉಳಿಸಬೇಕು." ಮುಂದೆ 'ವಿಷಯ ನಿರೂಪಣೆ', ಅದರಲ್ಲೂ ಇದೇ. ಕೊನೆಗೆ 'ಉಪಸಂಹಾರ', ಅಲ್ಲೂ ಇದೇ! ಎಲ್ಲವೂ ಒಂದೇ ಗೈಡಿನಿಂದ ಇಳಿದ ನೀರು. ಈ ಮಕ್ಕಳು ಇರೋದೆಲ್ಲಿ ಹೇಳಿ? 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ 2015ರಲ್ಲಿ 'ಕಾಳಿ' ಅಂತ ಹೆಸರು ಪಡೆದ ಕಾಡಿನ ಸೆರಗಿನಲ್ಲಿ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಶುರುವಾದ ಪೇಪರ್ ಮಿಲ್ ಇದೆ, ಅದಕ್ಕೆ ಇದೇ ಕಾಡಿನ ಬಿದಿರು ಹೋಗುತ್ತಿತ್ತು. ಕಾಗದದ ಮೇಲೆ ಕಾಡಿನ ಬಗ್ಗೆ ಬರೆಯುವ ದಾಂಡೇಲಿಯ ಹುಡುಗನಿಗೆ ಆ ಕಾಗದ ನೆನಪಾಗಲಿಲ್ಲ. ಅತ್ತಿವೇರಿ ಪಕ್ಷಿಧಾಮದ ತಾಲೂಕಿನಿಂದ ಬಂದವರ ಪ್ರಬಂಧದಲ್ಲಿ ಒಂದು ಹಕ್ಕಿಯೂ ಹಾರಲಿಲ್ಲ.

ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಜೋಯಿಡಾ ಕಡೆಯ ಹುಡುಗಿಯದು. ಮನೆಮಾತು ಕೊಂಕಣಿ ಅಂತ ಕಾಗುಣಿತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಎರಡೂವರೆ ಪುಟ, ಒಂದೇ ಪ್ಯಾರಾ. ಅಜ್ಜಿ ಗೆಣಸು ನೆಟ್ಟದ್ದು, ಯಾವ ಗೆಡ್ಡೆ ಯಾವಾಗ ಅಗೆಯಬೇಕು ಅಂತ ಅಜ್ಜಿ ಹೇಳಿಕೊಟ್ಟದ್ದು, ರಾತ್ರಿ ಹಂದಿ ಬಂದದ್ದು, ಅಪ್ಪ ಮಾಳದ ಮೇಲೆ ಕೂತು ಡಬ್ಬ ಬಡಿದದ್ದು, ಬೆಳಿಗ್ಗೆ ನೋಡಿದರೆ ಅರ್ಧ ಹೊಲ ಉತ್ತ ಹಾಗೆ ಆಗಿದ್ದದ್ದು. ಆಮೇಲೆ ಪರಿಹಾರದ ಅರ್ಜಿ ಹಿಡಿದು ಎರಡು ಸಲ ಬಸ್ಸಿಗೆ ಹೋದದ್ದು. ಕೊನೆಗೆ, ಹಂದಿಗೂ ಹೊಟ್ಟೆ ಇದೆ ಅಂತ ಅಜ್ಜಿ ಅಂದಾಗ ಅಪ್ಪ ಸಿಟ್ಟು ಮಾಡಿಕೊಂಡದ್ದು.

ಪಕ್ಕದಲ್ಲಿದ್ದ ಮೇಷ್ಟ್ರು ಒಂದು ನಿಮಿಷ ನೋಡಿ ಕೆಳಗಿಟ್ಟರು. "ಇದಕ್ಕ ಪೀಠಿಕೆನ ಇಲ್ರಿ ಸರ್. ಪ್ಯಾರಾನೂ ಮಾಡಿಲ್ಲ."

ನಾನು ಪೆನ್ಸಿಲ್ ತಗೊಂಡು ಮೂರು ಕಡೆ ಸಣ್ಣ ಗೆರೆ ಎಳೆದೆ. ಹೊಲ ಮುಗಿದು ರಾತ್ರಿ ಶುರುವಾಗುವಲ್ಲಿ ಒಂದು, ಅರ್ಜಿ ಶುರುವಾಗುವಲ್ಲಿ ಒಂದು, ಅಜ್ಜಿ ಬಾಯಿ ಬಿಡುವಲ್ಲಿ ಒಂದು. ನಾಲ್ಕು ಪ್ಯಾರಾ ತಯಾರು! ಅವು ಅಲ್ಲೇ ಇದ್ದವು, ಹುಡುಗಿಗೆ ಸಾಲು ಬಿಡಬೇಕು ಅನ್ನೋದು ಗೊತ್ತಿರಲಿಲ್ಲ ಅಷ್ಟೇ. ಅದನ್ನು ಐದು ನಿಮಿಷದಲ್ಲಿ ಹೇಳಿಕೊಡಬಹುದು. ಗೈಡಿನ ಪ್ರಬಂಧದಲ್ಲಿ ಸಾಲು ಬಿಟ್ಟಿದ್ದಾರೆ, ಗೆರೆ ಎಳೆದಿದ್ದಾರೆ, ಆದರೆ ಪ್ಯಾರಾ ಎಲ್ಲಿದೆ? ಬೇಕಾದರೆ ಪರೀಕ್ಷೆ ಮಾಡಿ. ಅದರ ನಾಲ್ಕು ವಾಕ್ಯಗಳನ್ನು ಇಸ್ಪೀಟಿನ ಎಲೆಯ ಹಾಗೆ ಕಲಸಿ ಮತ್ತೆ ಜೋಡಿಸಿ. ಏನಾದರೂ ಕೆಟ್ಟಿತಾ? ಇಲ್ಲ. ಯಾಕಂದರೆ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಆ ಹುಡುಗಿಯ ವಾಕ್ಯ ಕಲಸಿ ನೋಡಿ, ಹಂದಿ ಬರೋ ಮೊದಲೇ ಅಪ್ಪ ಡಬ್ಬ ಬಡಿಯುತ್ತಾನೆ.

ಮೇಷ್ಟ್ರ ಮಾತಲ್ಲೂ ನ್ಯಾಯ ಇತ್ತು, ಸುಳ್ಳು ಹೇಳಬಾರದು. ಒಂದೇ ತರಗತಿಯಲ್ಲಿ ಮರಾಠಿ, ಕೊಂಕಣಿ, ಉರ್ದು ಮನೆಮಾತಿನ ಮಕ್ಕಳು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಪೀಠಿಕೆ, ಉಪಸಂಹಾರ ಇದ್ದರೆ ಮಾರ್ಕ್ಸ್ ಬರುತ್ತೆ, ಹುಡುಗ ಪಾಸಾಗ್ತಾನೆ. "ಊರುಗೋಲು ಕಸ್ಕೊಂಡ್ರ ಅಂವಾ ಬೀಳ್ತಾನ್ರಿ" ಅಂದರು. ಒಪ್ಪಿದೆ. ಆದರೆ ಇಲ್ಲಿ ನಡೆಯೋಕೆ ಬರುವ ಹುಡುಗಿಗೆ ಊರುಗೋಲು ಇಲ್ಲ ಅಂತ ಮಾರ್ಕ್ಸ್ ಕಡಿತ ಆಗ್ತಿದೆಯಲ್ಲ ಸ್ವಾಮಿ? ಪೀಠಿಕೆ ಇರಲಿ, ಬೇಡ ಅಂದವರ್ಯಾರು. ಅದರ ಹೊಟ್ಟೆಯೊಳಗೆ ಅವರವರ ಅಜ್ಜಿ, ಅವರವರ ಹಂದಿ ಇರಲಿ.

ಅಂದಹಾಗೆ ನಾವು ಬ್ಲಾಗಿಗರೇನು ಸಾಚಾನಾ?

ನೋಡಿ, ಮೇಲಿನ ಸಾಲು. ಒಂದು ವಾಕ್ಯ, ಎಂಟರ್ ಒತ್ತು. ಇನ್ನೊಂದು ವಾಕ್ಯ, ಮೂರು ಚುಕ್ಕಿ, ಮತ್ತೆ ಎಂಟರ್... ನನ್ನದೇ ಹಳೆಯ ಮಳೆಯ ಪೋಸ್ಟ್ ತೆಗೆದು ಎಣಿಸಿದೆ. ಇಪ್ಪತ್ಮೂರು ಪ್ಯಾರಾ, ಒಂದರಲ್ಲೂ ಎರಡಕ್ಕಿಂತ ಹೆಚ್ಚು ವಾಕ್ಯ ಇಲ್ಲ! ಒಂದು ಮಾತು ಹಿಡಿದು ಮುಗಿಯುವವರೆಗೆ ಹೇಳುವ ವ್ಯವಧಾನ ಇಲ್ಲದೆ, ಖಾಲಿ ಜಾಗ ಬಿಟ್ಟು ಓದುಗರೇ ಭಾವುಕರಾಗಲಿ ಅಂತ ಕಾದದ್ದು. ಗೈಡಿನವರು ಗೆರೆ ಎಳೆದರು, ನಾನು ಎಂಟರ್ ಒತ್ತಿದೆ, ವ್ಯತ್ಯಾಸ ಅಷ್ಟೇ.

ಫಲಿತಾಂಶ ಕೇಳ್ತೀರಾ? ಮೂರು ಜನ ತೀರ್ಪುಗಾರರು, ಎರಡು ಮತ 'ಜೀವನಾಡಿ'ಗೆ. ನಾನು ಇನ್ನೂ ಸ್ವಲ್ಪ ಜಗಳ ಆಡಬಹುದಿತ್ತು. ದಾಂಡೇಲಿ ಬಸ್ಸಿನ ಹೊತ್ತಾಗಿತ್ತು, ಸಹಿ ಹಾಕಿ ಎದ್ದೆ. ಹುಡುಗಿಗೆ ಸಮಾಧಾನಕರ ಬಹುಮಾನ, ಒಂದು ಪೆನ್ನು. ಅವಳ ಹಾಳೆ ಕೊಡಿ, ಜೆರಾಕ್ಸ್ ಮಾಡಿಕೊಳ್ತೀನಿ ಅಂದರೆ ಕಟ್ಟು ಕಟ್ಟಿ ಆಗಿದೆ ಅಂದರು. ನನ್ನ ಪೆನ್ಸಿಲ್ ಗೆರೆ ಅವಳ ಕಣ್ಣಿಗೆ ಬೀಳೋ ಛಾನ್ಸೇ ಇಲ್ಲ.