ಬೀಟ್ ನನ್ನದು, ಹೆಸರು ಯಾರದು?

ಕಳೆದ ಗಣೇಶ ಹಬ್ಬದಲ್ಲಿ ಡೊಂಬಿವಲಿಯ ನಮ್ಮ ಬೀದಿಯ ಮಂಡಳಿಯವರು ಹಚ್ಚಿದ ಹಾಡೊಂದನ್ನು ಕೇಳಿ, ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹಾಡಿದವನ ದನಿ ಗುರುತಿಲ್ಲ. ಮಾತು ಹಿಂದಿ, ಮರಾಠಿ ಬೆರಕೆ. ಆದರೆ ಅದರ ತಾಳ ನನ್ನದು! ಎರಡು ವರ್ಷದ ಹಿಂದೆ, ಮಗು ಏಳಬಾರದೆಂದು ಅಡುಗೆಮನೆಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು ಮಾಡಿದ ಬೀಟ್. ಒಂದು ಸಣ್ಣ ಮ್ಯೂಸಿಕ್ ಕಂಪನಿಗೆ 4,000 ರೂಪಾಯಿಗೆ ಕೊಟ್ಟಿದ್ದೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಹಾಡಿದವನ ಹೆಸರಿತ್ತು, ಕಂಪನಿಯ ಹೆಸರಿತ್ತು, ವಿಡಿಯೊಗೆ ಬಟ್ಟೆ ಕೊಟ್ಟ ಅಂಗಡಿಯ ಹೆಸರೂ ಇತ್ತು. ನನ್ನದಿರಲಿಲ್ಲ.

ನಾನು ಹಾವೇರಿ ಜಿಲ್ಲೆಯವನು. ಹಗಲು ಮುಂಬೈನ ಒಂದು ಸ್ಟುಡಿಯೊದಲ್ಲಿ ಜಾಹೀರಾತುಗಳಿಗೆ ಸೌಂಡ್ ಎಡಿಟರ್, ರಾತ್ರಿ ಬೀಟ್‌ಮೇಕರ್. ‘ಬೀಟ್ ಅಂದ್ರ ಏನೋ?’ ಎಂದು ಊರಲ್ಲಿ ಕೇಳುತ್ತಾರೆ. ರ‍್ಯಾಪ್ ಹಾಡಿನಿಂದ ಮಾತು ತೆಗೆದರೆ ಉಳಿಯುವುದೆಲ್ಲ ಬೀಟ್: ಡ್ರಮ್, ಬೇಸ್, ರಾಗದ ಒಂದೆಳೆ, ನಡುವಿನ ಮೌನ.

ಹಿಪ್‌ಹಾಪ್ ಹುಟ್ಟಿದ್ದೇ ಈ ಕೆಲಸದಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗಾಗಿ ಪಾರ್ಟಿ ಇಟ್ಟಳು. ರೆಕಾರ್ಡ್ ಹಾಕಿದವನು ಅವಳಣ್ಣ ಡಿಜೆ ಕೂಲ್ ಹರ್ಕ್. ಹಾಡಿನ ನಡುವೆ ಡ್ರಮ್ ಮಾತ್ರ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆಂದು ಗಮನಿಸಿ, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಲಂಬಿಸಿದವನು ಅವನು. ಮೈಕ್ ಹಿಡಿದವನ ಕೆಲಸ ಆಗಿನ್ನೂ ಜನರನ್ನು ಹುರಿದುಂಬಿಸುವುದಷ್ಟೇ. ಹಳೆಯ ತಂಡಗಳ ಹೆಸರು ನೋಡಿ: ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆ್ಯಂಡ್ ದ ಫ್ಯೂರಿಯಸ್ ಫೈವ್, ಎರಿಕ್ ಬಿ ಆ್ಯಂಡ್ ರಕಿಮ್. ಮೊದಲು ಡಿಜೆಯ ಹೆಸರು, ಆಮೇಲೆ ಹಾಡುವವರದು.

ಐವತ್ತು ವರ್ಷದಲ್ಲಿ ಆ ಸಾಲು ತಲೆಕೆಳಗಾಯಿತು. ಬೀಟ್‌ಮೇಕರ್‌ಗಳು ಹಾಡಿನ ಶುರುವಿನಲ್ಲೇ ತಮ್ಮ ಹೆಸರು ಕೂಗಿಸುತ್ತಾರಲ್ಲ, ಅದನ್ನು ‘ಟ್ಯಾಗ್’ ಅನ್ನುತ್ತೇವೆ. ಎಷ್ಟೋ ಜನ ಅದನ್ನು ಜಂಭ ಅಂದುಕೊಳ್ಳುತ್ತಾರೆ. ಪರದೆಯ ಮೇಲೆ ಹೆಸರು ಬರುವ ಭರವಸೆ ಇಲ್ಲದವನು ಪಾತ್ರೆಗೆ ಹೆಸರು ಕೆತ್ತಿಸಿದ ಹಾಗೆ ಅದು. 2015ರಲ್ಲಿ ಡಿವೈನ್ ಮತ್ತು ನೇಝಿಯ ‘ಮೇರೆ ಗಲ್ಲಿ ಮೇ’ ಮುಂಬೈನ ಗಲ್ಲಿಗಳನ್ನು ದೇಶಕ್ಕೆ ಪರಿಚಯಿಸಿತು, 2019ರಲ್ಲಿ ‘ಗಲ್ಲಿ ಬಾಯ್’ ಸಿನಿಮಾ ಬಂತು. ಡಿವೈನ್ ಹೆಸರು ಎಲ್ಲರಿಗೂ ಗೊತ್ತು. ಆ ಹಾಡಿನ ಬೀಟ್ ಮಾಡಿದ ಸೆಝ್ ಆನ್ ದ ಬೀಟ್ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ನಮ್ಮ ವ್ಯಾಪಾರ ಊರಿನ ಹೊಲದ ವ್ಯವಹಾರದಂತೆಯೇ. ಒಂದೇ ಬೀಟನ್ನು ಕಡಿಮೆ ಬೆಲೆಗೆ, ಇಂತಿಷ್ಟು ಕಾಲಕ್ಕೆಂದು ಹಲವರಿಗೆ ಕೊಟ್ಟರೆ ಅದು ಲೀಸ್. ನಮ್ಮ ಕಡೆಯ ಮಾತಿನಲ್ಲಿ ಲಾವಣಿಗೆ ಹಾಕುವುದು. ಒಬ್ಬರಿಗೇ ಪೂರ್ತಿ ಕೊಟ್ಟರೆ ಖರೀದಿ. ಹಾಡು ದುಡಿದಾಗಲೆಲ್ಲ ಬರಬೇಕಾದದ್ದು ಪಾಲು, ಅದೇ ರಾಯಲ್ಟಿ. ನನ್ನಂಥವರು ಮಾಡುವ ತಪ್ಪೆಂದರೆ ಲಾವಣಿಯ ಬೆಲೆಗೆ ಖರೀದಿ ಪತ್ರಕ್ಕೆ ಸಹಿ ಹಾಕುವುದು. ‘ಎಲ್ಲ ಹಕ್ಕು ಬಿಟ್ಟುಕೊಟ್ಟಿದ್ದೇನೆ, ಇದರಲ್ಲಿ ಇರುವುದೆಲ್ಲ ನನ್ನ ಸ್ವಂತದ್ದು’ ಎಂಬ ಒಂದು ಪುಟದ ಕಾಗದಕ್ಕೆ ನಾನೂ ಓದದೆ ಸಹಿ ಹಾಕಿದ್ದೆ.

ಕಂಪನಿಯ ಕಡೆಗೂ ನ್ಯಾಯವಿದೆ. ವಿಡಿಯೊ, ಪ್ರಚಾರದ ಖರ್ಚು ಅವರದು. ಹತ್ತು ಹಾಡಿನಲ್ಲಿ ಒಂಬತ್ತು ಓಡದಿದ್ದರೆ ನಷ್ಟವೂ ಅವರದೇ. ಬಾಡಿಗೆ ಕಟ್ಟಬೇಕಾದ ಹುಡುಗನಿಗೆ ಮುಂದೆಂದೋ ಬರುವ ಪಾಲಿಗಿಂತ ಇಂದು ಕೈಗೆ ಬರುವ ನಾಲ್ಕು ಸಾವಿರವೇ ದೊಡ್ಡದು. ಆದರೆ ಮಾರುವವನಿಗೆ ತಾನು ಏನು ಮಾರುತ್ತಿದ್ದೇನೆಂದು ಗೊತ್ತಿರಬೇಕು. ಹಬ್ಬದ ಮರುದಿನ ನಾನು ಕುಳಿತು 1957ರ ಕಾಪಿರೈಟ್ ಕಾಯ್ದೆ ಓದಿದೆ. ಸ್ವರಲಿಪಿ ಬರೆಯಲು ಬಾರದಿದ್ದರೂ ಸಂಗೀತ ಕಟ್ಟಿದವನೇ ಅದರ ಸಂಯೋಜಕ. ಸಹಿ ಮಾಡಿದ ಬರಹವಿಲ್ಲದೆ ಹಕ್ಕು ಕೈ ಬದಲಾಗುವುದಿಲ್ಲ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಹಕ್ಕು ಮಾರಿದ ಮೇಲೂ ‘ಇದು ಕಟ್ಟಿದ್ದು ನಾನು’ ಎಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನ ಪ್ರಕಾರ ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಸಂಯೋಜಕನ ರಾಯಲ್ಟಿ ಪಾಲನ್ನು ಕಾಗದದ ಮೇಲೆ ಕಿತ್ತುಕೊಳ್ಳಲೂ ಬರುವುದಿಲ್ಲ. ಆ ಪಾಲನ್ನು ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದ ಇದೇ ಮುಂಬೈನಲ್ಲಿದೆ. ನಾನು ಅದರ ಸದಸ್ಯನೇ ಆಗಿರಲಿಲ್ಲ.

ಇಷ್ಟೆಲ್ಲ ಓದಿಕೊಂಡು, ಸಿಟ್ಟು ಇಟ್ಟುಕೊಂಡು, ನಾಲ್ಕು ತಿಂಗಳು ಸಿಕ್ಕವರಿಗೆಲ್ಲ ಭಾಷಣ ಮಾಡಿದೆ. ಗ್ರೆಗರಿ ಕೋಲ್ಮನ್ ಕಥೆಯನ್ನಂತೂ ಬಿಡದೆ ಹೇಳುತ್ತಿದ್ದೆ. 1969ರಲ್ಲಿ ದ ವಿನ್‌ಸ್ಟನ್ಸ್ ತಂಡದ ‘ಆಮೆನ್, ಬ್ರದರ್’ ಹಾಡಿನಲ್ಲಿ ಆತ ಸುಮಾರು ಏಳು ಸೆಕೆಂಡು ಒಬ್ಬನೇ ಡ್ರಮ್ ಬಾರಿಸಿದ. ಆ ಏಳು ಸೆಕೆಂಡನ್ನು ಕತ್ತರಿಸಿಕೊಂಡು ಜಗತ್ತಿನಲ್ಲಿ ಸಾವಿರಾರು ಹಾಡು ಕಟ್ಟಿದರು. ಆತನಿಗೆ ರಾಯಲ್ಟಿ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಬಡತನದಲ್ಲಿದ್ದ.

ಮಾಘದಲ್ಲಿ ಬೀರಪ್ಪನ ಜಾತ್ರೆಗೆ ಊರಿಗೆ ಹೋದೆ. ಡೊಳ್ಳಿನ ಮೇಳದ ಹಿರಿಯರೊಬ್ಬರು, ಸಣ್ಣವನಿದ್ದಾಗಿನಿಂದ ನಾನು ಕಾಕಾ ಎಂದು ಕರೆಯುವವರು, ಕಟ್ಟೆಯ ಮೇಲೆ ಕೂತಿದ್ದರು. ನನ್ನ ಸಂಕಟ ತೋಡಿಕೊಳ್ಳುತ್ತ ಮೊಬೈಲಿನಲ್ಲಿ ಆ ಹಾಡು ಹಚ್ಚಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

‘ತಮ್ಮಾ, ಇದು ನಮ್ಮ ಡೊಳ್ಳಲ್ಲೇನು?’

ಹೌದು. ಮೂರು ವರ್ಷದ ಹಿಂದಿನ ಜಾತ್ರೆಯಲ್ಲಿ ಫೋನಿನಲ್ಲಿ ಹಿಡಿದುಕೊಂಡಿದ್ದೆ. ಮುಂಬೈಗೆ ಹೋಗಿ ಅದರಿಂದ ನಾಲ್ಕು ಪೆಟ್ಟು ಕತ್ತರಿಸಿ, ವೇಗ ಹೆಚ್ಚಿಸಿ, ಬೇಸ್ ಜೋಡಿಸಿದ್ದೆ. ಬೀಟಿನ ಬೆನ್ನೆಲುಬೇ ಅದು. ‘ಇರುವುದೆಲ್ಲ ನನ್ನ ಸ್ವಂತದ್ದು’ ಎಂದು ಸಹಿ ಹಾಕಿದ್ದೂ ಇದಕ್ಕೇ.

‘ಹೌದು ಕಾಕಾ.’

ಅವರು ಬೈಯಲಿಲ್ಲ. ಖುಷಿಯಿಂದ ಮೇಳದ ಹುಡುಗರನ್ನು ಕೂಗಿ ಕರೆದರು. ‘ಕೇಳ್ರಲೇ, ನಮ್ಮ ಡೊಳ್ಳು ಮುಂಬೈ ಮುಟ್ಯಾವು!’ ಎಂದರು. ಆಮೇಲೆ ಫೋನನ್ನು ಕಣ್ಣ ಹತ್ತಿರ ಹಿಡಿದು, ‘ಇದರಾಗ ಬಾರಿಸಿದವರ ಹೆಸರು ಬರೀತಾರೇನು?’ ಎಂದು ಕೇಳಿದರು. ನಾನು ಏನೂ ಹೇಳಲಿಲ್ಲ.

‘ಜನಪದಕ್ಕೆ ಯಜಮಾನ ಯಾರು? ಅದು ಎಲ್ಲರದು’ ಎಂದು ನಮ್ಮ ವೃತ್ತಿಯಲ್ಲಿ ಸುಲಭವಾಗಿ ಹೇಳುತ್ತೇವೆ. ತಾಳ ಎಲ್ಲರದೂ ಹೌದು. ಆದರೆ ಆ ದಿನ ಹೆಗಲಿಗೆ ಡೊಳ್ಳು ಕಟ್ಟಿಕೊಂಡು ಬಾರಿಸಿದ ಕೈ ಎಲ್ಲರದಲ್ಲ. ನಾನು ಓದಿದ ಅದೇ ಕಾಯ್ದೆಯಲ್ಲಿ ಪ್ರದರ್ಶಕರಿಗೂ ಹಕ್ಕಿದೆ; ಅವರ ಪ್ರದರ್ಶನವನ್ನು ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಿ ಮಾರುವಂತಿಲ್ಲ. ನನಗೆ ಬೇಕಾದ ಕಲಮುಗಳನ್ನು ಓದಿ, ಬೇಡವಾದ ಪುಟವನ್ನು ಮಗುಚಿದ್ದೆ.

ವಾಪಸ್ ಬಂದ ಮೇಲೆ ಕಂಪನಿಗೆ ಇಮೇಲ್ ಕಳಿಸಿದೆ. ಸೇರಿಸಬೇಕಾದ ಹೆಸರು ಎರಡು, ಒಂದು ನನ್ನದು, ಇನ್ನೊಂದು ಮೇಳದ್ದು ಎಂದು ಬರೆದೆ. ಅಂದು ಸುಳ್ಳು ಬರೆದುಕೊಟ್ಟೆನೆಂಬುದನ್ನೂ ಒಪ್ಪಿಕೊಂಡೆ. ‘ನೋಡುತ್ತೇವೆ’ ಎಂಬ ಉತ್ತರ ಬಂದಿದೆ, ಹೆಸರು ಇನ್ನೂ ಬಂದಿಲ್ಲ. ನಾಲ್ಕು ಸಾವಿರದಲ್ಲಿ ಅರ್ಧ ಮೇಳಕ್ಕೆ ಕಳಿಸಿದೆ. ಮುಂದೆ ಪಾಲು ಬಂದರೆ ಅದರಲ್ಲೂ ಅರ್ಧ ಅವರದು ಎಂದು ಕನ್ನಡದಲ್ಲೇ ಕಾಗದ ಬರೆದು, ಎರಡೂ ಕಡೆ ಸಹಿ ಆಗಿದೆ. ಈಗ ಬೀಟ್ ಕಳಿಸುವಾಗಲೆಲ್ಲ ಯಾವ ಸದ್ದು ಎಲ್ಲಿಂದ, ಯಾರಿಂದ ಎಂಬ ಪಟ್ಟಿಯನ್ನೂ ಜೊತೆಗೆ ಕಳಿಸುತ್ತೇನೆ. ಕೆಲವು ಗಿರಾಕಿಗಳು ಇದನ್ನು ಕಿರಿಕಿರಿ ಅನ್ನುತ್ತಾರೆ. ಒಬ್ಬ ಬಿಟ್ಟೂ ಹೋದ.

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿರುವ ನಮ್ಮವರ ಮನೆಗಳಲ್ಲೂ ಲ್ಯಾಪ್‌ಟಾಪ್ ಇಟ್ಟುಕೊಂಡು ಬೀಟ್ ಮಾಡುವ ಮಕ್ಕಳಿದ್ದಾರೆ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಸೋಬಾನೆ ಪದ, ಚೌಡಿಕೆಯ ದನಿ ಅವರ ಫೋನಿಗೂ ಸೇರುತ್ತದೆ. ಬೇಡ ಅನ್ನಬೇಡಿ, ಹಿಡಿದುಕೊಳ್ಳಲಿ. ಹಾಗೆ ಹಿಡಿಯುವ ಮೊದಲು ಒಪ್ಪಿಗೆ ಕೇಳಿ, ಹಾಡಿದವರ ಹೆಸರನ್ನು ಅದೇ ಫೈಲಿನ ಮೇಲೆ ಬರೆದುಕೊಳ್ಳುವುದನ್ನು ಮಾತ್ರ ಕಲಿಸಿ. ನಾಳೆ ಅವರು ತಮ್ಮ ಹೆಸರಿಗಾಗಿ ಜಗಳ ಮಾಡಬೇಕಾಗಿ ಬಂದಾಗ ನನ್ನ ಹಾಗೆ ಬಾಯಿ ಕಟ್ಟಬಾರದು.