ಕಪ್ಪು ಮಲ, ಕಟ್ಟಿಕೊಂಡ ಕಾಲುವೆ

ಮಲದಲ್ಲಿ ರಕ್ತ ಹೋದರೆ ಮೂಲವ್ಯಾಧಿ, ವಾಂತಿಯಲ್ಲಿ ಬಂದರೆ ಕುಡಿತ. ಊರ ಕಟ್ಟೆಯ ಮೇಲಿನ ತೀರ್ಮಾನ ಇಷ್ಟು ಸರಳ. ಎಷ್ಟೋ ಸಲ ಅದು ನಿಜವೂ ಆಗಿರಬಹುದು. ಆದರೆ ಹೆಂಡ ಮುಟ್ಟದವರೂ, ಯಕೃತ್ತು ಸರಿಯಾಗಿಯೇ ಇರುವವರೂ ಒಮ್ಮೊಮ್ಮೆ ರಕ್ತ ಕಾರುತ್ತಾರೆ. ಅಪರೂಪಕ್ಕೆ ಅದರ ಮೂಲ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಅಂಥವರಿಗೆ ರೋಗದ ಜೊತೆಗೆ ಕುಡುಕರೆಂಬ ಅಪವಾದ ಬೇರೆ!

ಜಠರದ ಹಿಂದೆ ಅಡ್ಡಲಾಗಿರುವ ಈ ಗ್ರಂಥಿ ಸುಮಾರು 15 ಸೆಂಟಿಮೀಟರ್ ಉದ್ದ. ಜೀರ್ಣರಸವನ್ನೂ ಇನ್ಸುಲಿನ್ನನ್ನೂ ತಯಾರಿಸುತ್ತದೆ ಎಂಬುದು ಹತ್ತನೆಯ ತರಗತಿಯ ಮಕ್ಕಳಿಗೂ ಗೊತ್ತು. ಗುಲ್ಮದಿಂದ ರಕ್ತ ತರುವ ಅಭಿಧಮನಿ ಇದರ ಬೆನ್ನಿಗೆ ಅಂಟಿಕೊಂಡೇ ಸಾಗುತ್ತದೆ. ಮುಂದೆ ಕರುಳಿನ ರಕ್ತದೊಡನೆ ಕೂಡಿ ಯಕೃತ್ತನ್ನು ಸೇರುತ್ತದೆ. ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಈ ನಾಳ ಅದುಮಿಹೋಗಬಹುದು, ಇಲ್ಲವೆ ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳಬಹುದು.

ಮುಂದಿನದು ಸಿಂಗಟಾಲೂರು ಏತ ನೀರಾವರಿಯ ಕಾಲುವೆ ಕಂಡ ಹೂವಿನಹಡಗಲಿಯ ಮಕ್ಕಳಿಗೆ ಸುಲಭವಾಗಿ ತಿಳಿಯುತ್ತದೆ. ದೊಡ್ಡ ಕಾಲುವೆ ಕಟ್ಟಿಕೊಂಡರೆ ನೀರು ಹಿಂದಕ್ಕೇರಿ ಸಣ್ಣ ಹೊಲಗಾಲುವೆಗಳಿಗೆ ನುಗ್ಗುತ್ತದೆ. ಅವುಗಳ ಬದು ಅಷ್ಟು ನೀರನ್ನು ತಾಳದೆ ಒಡೆಯುತ್ತದೆ. ಗುಲ್ಮದ ರಕ್ತವೂ ಹಾಗೆಯೇ ಜಠರದ ಗೋಡೆಯ ಸಣ್ಣ ಅಭಿಧಮನಿಗಳಿಗೆ ನುಗ್ಗುತ್ತದೆ. ಅವು ಉಬ್ಬುತ್ತವೆ, ಕೆಲವೊಮ್ಮೆ ಒಡೆಯುತ್ತವೆ. ಗಡ್ಡೆಯೇ ಸಣ್ಣ ಕರುಳಿನ ಮೊದಲ ಭಾಗವನ್ನು ಕೊರೆದು ರಕ್ತ ಸುರಿಸುವುದೂ ಉಂಟು.

ಆ ರಕ್ತ ಕೆಂಪಾಗಿಯೇ ಹೊರಬರಬೇಕೆಂದಿಲ್ಲ. ಜಠರದ ಆಮ್ಲ, ಕರುಳಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಹಿಮೋಗ್ಲೋಬಿನ್ ಕಪ್ಪಾಗುತ್ತದೆ. ಮಲ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ನಾತ ಬೀರುತ್ತದೆ. ಇದಕ್ಕೆ 50ರಿಂದ 100 ಮಿಲಿಲೀಟರ್ ರಕ್ತ ಸಾಕು. ಮನೆಯ ಹಿರಿಯರು ಇದನ್ನು ಸಂಕೋಚದಿಂದ ಯಾರಿಗೂ ಹೇಳುವುದಿಲ್ಲ, ತೊಡಕು ಇರುವುದೇ ಇಲ್ಲಿ.

ಗ್ರಂಥಿ ಆಳದಲ್ಲಿರುವುದರಿಂದ ಕ್ಯಾನ್ಸರ್ ಬಹುಕಾಲ ಗುಟ್ಟಾಗಿಯೇ ಬೆಳೆಯುತ್ತದೆ. ನೆರೆಯ ಗೋವಾದ ಮುಖ್ಯಮಂತ್ರಿ ಮನೋಹರ ಪರಿಕ್ಕರ್ ಇದೇ ರೋಗಕ್ಕೆ ಅಮೆರಿಕದವರೆಗೂ ಹೋಗಿ ಚಿಕಿತ್ಸೆ ಪಡೆದರು; 2019ರ ಮಾರ್ಚ್ 17ರಂದು ತೀರಿಕೊಂಡರು. ಬೆನ್ನಿಗೆ ಹಾಯುವ ಹೊಟ್ಟೆನೋವು, ಕಾಮಾಲೆ, ಕಾರಣವಿಲ್ಲದೆ ಇಳಿಯುವ ತೂಕ, ಇಳಿವಯಸ್ಸಿನಲ್ಲಿ ಹಠಾತ್ತನೆ ಬಂದ ಸಕ್ಕರೆ ಕಾಯಿಲೆ ಇದರ ಸುಳಿವುಗಳಾಗಿರಬಹುದು.

ರಕ್ತ ಎಲ್ಲಿಂದ ಬರುತ್ತಿದೆ ಎಂಬುದನ್ನು ಎಂಡೊಸ್ಕೊಪಿಯಿಂದ ನೋಡುತ್ತಾರೆ. ಉಬ್ಬಿದ ನಾಳಕ್ಕೆ ಅಂಟಿನಂಥ ದ್ರವ ಚುಚ್ಚಿ ಮುಚ್ಚುವುದೂ ಅದರಿಂದಲೇ ಸಾಧ್ಯ. ಕೆಲವರಿಗೆ ಗುಲ್ಮವನ್ನೇ ತೆಗೆಯುತ್ತಾರೆ. ಕಪ್ಪು ಮಲದೊಡನೆ ತಲೆಸುತ್ತು, ಬೆವರು ಕಂಡರೆ ಅಥವಾ ರಕ್ತವಾಂತಿಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಿದರೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ನುಂಗಿದ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿದರೆ ಅವರಿಗೆ ಅರ್ಧ ಕೆಲಸ ಹಗುರ.